ಬಾಗಲದ ಅಳತಿ

ಮೂರೂವರಿ ಫೂಟಿನ ಬಾಗಲ ಅದು, ಫಿರಂಗೇರ ಕಾಲದ್ದು,
ದೋನಾಪಾವ್ಲಾದಾಗ ಸಮುದ್ರಕ್ಕ ಮಾರಿ ಮಾಡಿ ನಿಂತದ್ದು.
ಒಬ್ಬ ಹೋಗಿ ಒಬ್ಬ ಬಂದ್ರ ಸಾಕಿತ್ತು ಇಷ್ಟು ವರ್ಷ.
ಸೋಮವಾರ ಸಂಜಿಗೆ ಮೆನೆಜಿಸ್ ಬಂದು ಅಂದ:
ಮೌನೇಶ, ಇದು ಏಳು ಫೂಟು ಆಗಬೇಕು,
ಬೆಳಗಾಗೂದ್ರಾಗ.

ಬರೋರು ಇಬ್ಬರು.
ಒಬ್ಬ, ಏಳೂ ಸಮುದ್ರದ ಮ್ಯಾಲ ಹಡಗ ನಿಲ್ಲಿಸಿದಾಂವ.
ಇನ್ನೊಬ್ಬ, ಮೊನ್ನಿ ಮೊನ್ನಿ ತೊಡಿ ತಟ್ಟಿದಾಂವ,
ಮನಿ ಮುಂದಿನ ನೀರೆಲ್ಲ ತಂದು ಅನ್ನಾಂವ.
ಯಾರು ಮೊದಲ ಒಳಗ ಬರಬೇಕು?
ಹತ್ತು ದಿನ ಕಾಗದ ಓಡ್ಯಾಡಿದ್ವಂತ ಅದಕ್ಕ.
ಕಡೀಕ ತೀರ್ಮಾನ: ಇಬ್ಬರೂ ಒಮ್ಮಿಗೇ.
ಆ ತೀರ್ಮಾನದ ಭಾರ ಬಂದು ಬಿದ್ದದ್ದು
ನನ್ನ ಗರಗಸದ ಮ್ಯಾಲ.

ಗ್ವಾಡಿ ಕೆಂಪು ಕಲ್ಲಿಂದು, ಮುಟ್ಟಿದ್ರ ಉದುರತಿತ್ತು.
ಚೌಕಟ್ಟಿನ ಬಣ್ಣ ಹೆರದಾಗ
ಒಂದರ ಕೆಳಗ ಒಂದು ಐದು ಬಣ್ಣ,
ಐದರ ಕೆಳಗ ಕೊರೆದ ಕಿರೀಟ,
ಹುಳ ತಿಂದ ಎರಡು ಸಿಂಹ.
ಇವರೂ ಒಂದು ಕಾಲಕ್ಕ... ಅಂದೆ.
ಮೆನೆಜಿಸ್ ಗಡಿಯಾರ ನೋಡ್ಕೊಂಡ.
ಕಿರೀಟದ ನಡುವನಾ ಗರಗಸ ಹೋತು.

ರಾತ್ರಿ ಹನ್ನೊಂದಕ್ಕ ಎರಡೂ ಕಡಿಯವರು ಬಂದ್ರು,
ಕೈಯಾಗ ತಮ್ಮ ತಮ್ಮ ಟೇಪು.
ಇವರದು ಇಂಚು, ಅವರದು ಸೆಂಟಿಮೀಟರು.
ನಡುವ ಎಲ್ಲೈತಿ ಅನ್ನೂದಾ ಕೂಡಲಿಲ್ಲ.
ಅರ್ಧ ಬಟ್ಟು ಅತ್ತ, ಅರ್ಧ ಬಟ್ಟು ಇತ್ತ.
ಆ ಅರ್ಧ ಬಟ್ಟಿನಾಗ ಎಷ್ಟು ದ್ವೀಪ ಇದ್ವೋ,
ಎಷ್ಟು ಮಂದಿ ಮೀನಗಾರ್ರು ಬಲಿ ಬೀಸಿದ್ರೋ,
ಯಾರೂ ಸರೀಲಿಲ್ಲ.
ದುಭಾಷಿ ಹುಡುಗಿ ಒಬ್ಬಾಕಿ,
ಇವರ ಸಿಟ್ಟು ಹೊತ್ತು ಅಲ್ಲಿಳಿಸಿ
ಅವರ ಸಿಟ್ಟು ಹೊತ್ತು ಇಲ್ಲಿಳಿಸಿ
ಗಂಟಲ ಒಣಗಿ ನನ್ನ ತಂಬಿಗಿ ನೀರು ಕೇಳಿ ಕುಡದ್ಲು.
ಅದರಾಗ ಒಂದು ಸಿಟ್ಟೂ ಆಕೀದಲ್ಲ.

ಎರಡಾತು. ಮೂರಾತು.
ನಮ್ಮಪ್ಪ ಲಕ್ಷ್ಮೇಶ್ವರದಾಗ
ಅಣ್ಣತಮ್ಮರ ಮನಿ ಪಾಲು ಮಾಡಾಕ ಹೋಗತಿದ್ದ.
ನೂಲಿಗೆ ಗ್ವಾಡಿ ನೆಟ್ಟಗಾಗತೈತಿ, ಮನಷ್ಯಾ ಆಗೂದಿಲ್ಲ,
ಅಂತಿದ್ದ, ಬಾಯಾಗ ಮೊಳಿ ಕಚ್ಚಿಕೊಂಡು.

ಸುಣ್ಣದ ನೂಲು ಹಿಡದು ಗೆರಿ ಹೊಡದೆ.
ಮೊದಲ ದೊಡ್ಡವರ ಕಡಿಯಾಂವನ್ನ ಮೂಲಿಗೆ ಕರದು
ಹೆಬ್ಬಟ್ಟು ತೋರಬಟ್ಟಿನ ನಡುವ ಒಂದೀಟ ಸಂದು ಮಾಡಿ,
ನಿಮ್ಮ ಕಡಿಗೆ, ಅಂತ ಕಣ್ಣು ಹೊಡದೆ.
ಆಮ್ಯಾಲ ಇನ್ನೊಂದು ಕಡಿಯಾಂವಗ
ಅದಾ ಸಂದು, ಅದಾ ಕಣ್ಣು.
ಇಬ್ಬರೂ ಟೇಪು ಸುತ್ತಿ ಕಿಸೇದಾಗ ಇಟ್ಟುಕೊಂಡು
ಹೋಗಿ ಮಲಗಿದ್ರು.

ಮರುದಿನ ನನ್ನ ಗೇಟಿನ ಒಳಗ ಬಿಡಲಿಲ್ಲ.
ಝುವಾರಿನಗರದ ಚಾದಂಗಡಿ ಟೀವಿಯಾಗ ನೋಡಿದೆ,
ನನ್ನ ಬಾಗಲ ಜಗತ್ತಿಗೆಲ್ಲ ಕಾಣಾಕ ಹತ್ತಿತ್ತು.
ಇಬ್ಬರೂ ಬಂದ್ರು. ಕೂಡೇ ಹೆಜ್ಜಿ.
ಹೊಸ್ತಿಲಕ್ಕ ಬಂದವರಾ ನಿಂತುಬಿಟ್ರು.
ನೀವು ಮೊದಲ, ಅಂತ ಇಂವ ಕೈ ಚಾಚಿದ.
ಇಲ್ಲಿಲ್ಲ, ನೀವು, ಅಂತ ಅಂವ.
ಏಳು ಫೂಟಿನ ಬಾಗಲ ಬಾ ಅಂತ ತೆರಕೊಂಡೈತಿ,
ಇಬ್ಬರೂ ಹೊರಗ.
ನನ್ನ ಚಾ ಆರಿತು.
ಕಡೀಕ ಇವನ ಬೆನ್ನ ಮ್ಯಾಲ ಅಂವ,
ಅವನ ಬೆನ್ನ ಮ್ಯಾಲ ಇಂವ ಕೈ ಇಟ್ಟರು.
ತಟ್ಟಿದ್ರೋ, ದಬ್ಬಿದ್ರೋ,
ಹತ್ತು ಸಲ ತೋರಿಸಿದ್ರೂ ತಿಳೀಲಿಲ್ಲ.

ಒಳಗ ಏನ ಮಾತಾಡಿದ್ರಂತ? ಕಾಳವ್ವ ಕೇಳಿದ್ಲು.
ಮತ್ತ ಕೂಡಿ ಮಾತಾಡೂದು ಅಂತ ಮಾತಾಡಿದ್ರಂತ.
ಇಷ್ಟಾ?
ಸಣ್ಣದೇನಲ್ಲ, ಅಂದೆ,
ನಿಮ್ಮಣ್ಣನ ಜೋಡಿ ನಾ ಮಾತ ಬಿಟ್ಟು ಹನ್ನೆರಡು ವರ್ಷಾತು.
ಆಕಿ ರೊಟ್ಟಿ ಬಡಿಯೂದು ಜೋರ ಮಾಡಿದ್ಲು.

ಶುಕ್ರವಾರ ಮೆನೆಜಿಸ್ ಫೋನು:
ಮೊದಲಿನಂಗ ಮಾಡು, ಏಸಿ ತಂಪೆಲ್ಲ ಹೊರಗ ಹೊಂಟೈತಿ.
ಚೌಕಟ್ಟು ಬಿಚ್ಚೂ ಮುಂದ ಮನಸಾತು,
ಆ ಗೆರಿ ಒಮ್ಮೆ ಅಳದು ನೋಡೂಣು,
ಖರೇವಂದ್ರ ಯಾರ ಕಡಿಗೆ ಹೆಚ್ಚಿತ್ತು.
ಟೇಪು ಅರ್ಧ ಎಳದೆ.
ಬಿಟ್ಟೆ. ಸರ್ ಅಂತ ತಾನಾ ಸುತ್ತಿಕೊಂಡಿತು.

ಕಿರೀಟದ ತುಂಡೊಂದು ಮಾತ್ರ
ಚೀಲದಾಗ ಹಾಕ್ಕೊಂಡು ಬಂದೀನಿ.
ಸಮುದ್ರದ ಗಾಳಿಗೆ ನಮ್ಮ ಮನಿ ಬಾಗಲ
ರಾತ್ರಿಯೆಲ್ಲ ಬಡೀತಿತ್ತು,
ಒತ್ತು ಕೊಡಾಕ ಏನರ ಬೇಕಾಗಿತ್ತು.